ಹಲ್ಲು ನೇರವಾಯಿತು, ಕಲೆ ಉಳಿಯಿತು

ಹಲ್ಲಿಗೆ ಕ್ಲಿಪ್ ಹಾಕಿಸಬೇಕೆಂದರೆ ಬಸವಕಲ್ಯಾಣದವರು ಹೈದರಾಬಾದಿಗೋ ಸೋಲಾಪುರಕ್ಕೋ ಹೋಗಲೇಬೇಕೆಂದಿಲ್ಲ. ಹತ್ತಿರದ ಹುಮನಾಬಾದಿನಲ್ಲೇ ಎಚ್‌ಕೆಡಿಇಟಿ ದಂತ ಕಾಲೇಜಿದೆ. ಒಂದೂವರೆ, ಎರಡು ವರ್ಷ ತಿಂಗಳಿಗೊಮ್ಮೆ ತಂತಿ ಬಿಗಿಸಿಕೊಂಡು ಬಂದು, ಕೊನೆಗೆ ಕ್ಲಿಪ್ ಬಿಚ್ಚಿದಾಗ ಹಲ್ಲುಗಳೇನೋ ಸಾಲಾಗಿ ನಿಂತಿರುತ್ತವೆ. ಆದರೆ ತಂತಿ ಹಿಡಿಯುವ ಬ್ರಾಕೆಟ್ ಅಂಟಿದ್ದ ಚೌಕದ ಸುತ್ತ, ಒಸಡಿನ ಬದಿಗೆ, ಸುಣ್ಣ ಬಳಿದಂಥ ಬಿಳಿ ಅಂಚು ಉಳಿದರೆ ಆ ಚಿಕಿತ್ಸೆಗೆ ಪೂರ್ತಿ ಅಂಕ ಕೊಡಲಾಗದು.

ಕಲೆಯ ಮೂಲ ಬ್ರಾಕೆಟ್ ಅಲ್ಲ, ಅದರ ಸುತ್ತ ಕಟ್ಟುವ ಪಾಚಿ. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್‌ನ ಕ್ಯಾಲ್ಸಿಯಂ ಕರಗತೊಡಗುತ್ತದೆ. ನಾಲ್ಕೇ ವಾರದಲ್ಲಿ ಕಲೆ ಮೂಡಬಹುದು. ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಗಳಿಗೆಗೊಮ್ಮೆ ಸಿಹಿ ಚಹಾ ಕುಡಿಯುವವರು ಇದನ್ನು ಮರೆಯುವಂತಿಲ್ಲ. ಹಲ್ಲುಜ್ಜುವ ಬೇವಿನ ಕಡ್ಡಿಯಂತೂ ತಂತಿಯ ಅಡಿಗೆ ಇಳಿಯುವುದಿಲ್ಲ.

ಇದು ಅಪರೂಪದ ತೊಂದರೆಯೂ ಅಲ್ಲ. 1982ರಲ್ಲಿ ಅಮೆರಿಕದ ಸಂಶೋಧಕ ಗೊರೆಲಿಕ್ ಮತ್ತು ಸಂಗಡಿಗರು ನೋಡಿದಾಗ, ಕ್ಲಿಪ್ ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಾದರೂ ಬಿಳಿ ಕಲೆಯಿತ್ತು. ಹೆಚ್ಚು ಪೆಟ್ಟು ತಿಂದದ್ದು ಮೇಲಿನ ಬದಿಯ ಬಾಚಿಹಲ್ಲು, ನಕ್ಕರೆ ಎದ್ದು ಕಾಣುವ ಜಾಗ.

ಅಂದಕ್ಕೆ ಇದರಿಂದ ಎಷ್ಟು ಧಕ್ಕೆ? 1999ರಲ್ಲಿ ಸಂಶೋಧಕ ಕೊಕಿಚ್ ಅವರ ತಂಡ ತಿದ್ದಿದ ನಗುವಿನ ಚಿತ್ರಗಳನ್ನು ತೋರಿಸಿದಾಗ, ಹಲ್ಲುಸಾಲಿನ ಮಧ್ಯರೇಖೆ 4 ಮಿಲಿಮೀಟರ್ ಸರಿದಿದ್ದರೂ ಸಾಮಾನ್ಯ ಜನ ಗುರುತಿಸಲಿಲ್ಲ. ಬಿಳಿ ಕಲೆಯ ಚಿತ್ರಗಳಿಗೆ ಅಂಕ ಕೇಳಿದ ಅಧ್ಯಯನಗಳಲ್ಲೋ, ಕಲೆ ದೊಡ್ಡದಾದಷ್ಟೂ ಅಂಕ ಇಳಿದಿದೆ. ವೈದ್ಯರು ಮಿಲಿಮೀಟರ್ ಅಳೆಯುತ್ತಾರೆ, ಎದುರಿಗೆ ನಿಂತವರು ಕಲೆ ನೋಡುತ್ತಾರೆ.

‘ಮೊದಲು–ನಂತರ’ದ ಫೋಟೊಗಳನ್ನೂ ಪೂರ್ತಿ ನಂಬುವಂತಿಲ್ಲ. ಒದ್ದೆ ಹಲ್ಲಿನಲ್ಲಿ ಕಲೆ ಮಂಕಾಗುತ್ತದೆ. ಗಾಳಿ ಊದಿ ಒಣಗಿಸಿದರೆ ಬೆಳ್ಳಗೆ ಎದ್ದುಬರುತ್ತದೆ. ಎನಾಮಲ್‌ನ ವಕ್ರೀಭವನ ಸೂಚ್ಯಂಕ 1.62, ನೀರಿನದು 1.33, ಗಾಳಿಯದು 1. ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಬದಲು ಗಾಳಿ ತುಂಬಿದಾಗ ಬೆಳಕು ಹೆಚ್ಚು ಚದುರುತ್ತದೆ. ಕ್ಲಿಪ್ಪಿನ ಈ ಕಲೆಯನ್ನು ಫ್ಲೋರೈಡ್ ನೀರಿನ ಕಲೆಯೆಂದು ಭಾವಿಸುವುದೂ ತಪ್ಪು: ಅದು ಹಲ್ಲು ಮೂಡುವಾಗಲೇ ಇರುತ್ತದೆ, ಎಡಬಲ ಜೋಡಿ ಹಲ್ಲುಗಳಲ್ಲಿ ಕಾಣುತ್ತದೆ.

ಕ್ಲಿಪ್ ಬಿಚ್ಚಿದ ಮೇಲೆ ಕೆಲವು ತಿಂಗಳು ಜೊಲ್ಲು ಮತ್ತು ಫ್ಲೋರೈಡ್ ಪೇಸ್ಟ್‌ನಿಂದಲೇ ಕಲೆ ಒಂದಿಷ್ಟು ಮಾಸುತ್ತದೆ. ಮಾಸದಿದ್ದರೆ ರಂಧ್ರಗಳಿಗೆ ರಾಳ ಇಳಿಸುವ ಜರ್ಮನಿಯ ‘ಐಕಾನ್’ ವಿಧಾನವಿದೆ. ಡ್ರಿಲ್ ಬೇಕಿಲ್ಲ, ಖರ್ಚು ಮಾತ್ರ ಬೇರೆ. ಅದಕ್ಕಿಂತ, ಪ್ರತಿ ಭೇಟಿಯಲ್ಲೂ ತಂತಿ ಮುಟ್ಟುವ ಮುನ್ನ ಹಲ್ಲು ಒಣಗಿಸಿ ನೋಡುವುದು, ಕಲೆ ಶುರುವಾಗಿದ್ದರೆ ಮನೆಯವರಿಗೆ ಆಗಲೇ ಕನ್ನಡಿಯಲ್ಲಿ ತೋರಿಸುವುದು ಅಗ್ಗ. ಆ ಕೆಲಸವನ್ನೂ ಕ್ಲಿಪ್ಪಿನ ಶುಲ್ಕದೊಳಗೇ ಸೇರಿಸಿ ಕೇಳುವ ಹಕ್ಕು ಹಣ ಕಟ್ಟುವ ತಂದೆತಾಯಿಗಿದೆ.