ಜಾನಪದ ಲೋಕದಲ್ಲಿ ಮಳೆಗಾಲವೆಲ್ಲಿ?

ಸರ್ಕಾರಿ ನೌಕರಿಯಿಂದ ನಿವೃತ್ತರಾದವರು ಬರೆದ ಗ್ರಂಥಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಅಧಿಕಾರದ ದಿನಗಳ ಸ್ಮರಣೆ. ಶ್ರೀ ಎಚ್. ಎಲ್. ನಾಗೇಗೌಡರ ನಿವೃತ್ತಿಕಾಲದ ಪ್ರಧಾನ ಕೃತಿಯಾದರೋ ಕಾಗದದ ಮೇಲಿಲ್ಲ. ರಾಮನಗರದ ಬಳಿ ಸುಮಾರು 15 ಎಕರೆ ನೆಲದ ಮೇಲಿದೆ. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿ, ಐ.ಎ.ಎಸ್. ಅಧಿಕಾರಿಯಾಗಿ ನಿವೃತ್ತರಾದ ಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 1994ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ತಮ್ಮ ಊರಲ್ಲದ ಊರಿನ ಬಂಡೆಗಳ ನಡುವೆ ಜಾನಪದ ಲೋಕವನ್ನು ತೆರೆದರು. ಇದನ್ನು ಒಂದು ಗ್ರಂಥವೆಂದೇ ಭಾವಿಸಿ ವಿಮರ್ಶಿಸುವುದು ಉಚಿತವೆಂದು ನನ್ನ ಎಣಿಕೆ. ಕಟ್ಟಡವೆಂದು ಕಂಡರೆ ಹೊಗಳಿ ಬಂದುಬಿಡುತ್ತೇವೆ, ಓದುವುದಿಲ್ಲ.

ಗ್ರಂಥಕರ್ತನ ಗುಣ ಅಧ್ಯಾಯಗಳ ವಿಂಗಡಣೆಯಲ್ಲೇ ತಿಳಿಯುತ್ತದೆ. ಲೋಕಮಾತಾ ಮಂದಿರದಲ್ಲಿ ಮನೆಯ ಹಾಗೂ ಅಡುಗೆಯ ಪಾತ್ರೆಪರಿಕರ, ಲೋಕಮಹಲಿನಲ್ಲಿ ಕಸುಬಿನ ಉಪಕರಣಗಳು, ಬೊಂಬೆ, ವೇಷಭೂಷಣ, ಶಿಲ್ಪಮಾಳದಲ್ಲಿ ವೀರಗಲ್ಲುಗಳು, ಆಯಗಾರರ ಮಾಳದಲ್ಲಿ ಗಾಣ, ಗಾಡಿ. ಕಡತಗಳನ್ನು ಇಲಾಖೆವಾರು ಜೋಡಿಸಿ ಅಭ್ಯಾಸವಿದ್ದ ಕೈಯಿದು. ನಾನು ಇದನ್ನು ಹಂಗಿಸಿ ಹೇಳುತ್ತಿಲ್ಲ. ಪ್ಲಾಸ್ಟಿಕ್ ಕೊಡ, ಟ್ರ್ಯಾಕ್ಟರು ಬಂದ ಮೇಲೆ ಅಟ್ಟದಿಂದ ಒಲೆಗೆ ಹೋಗಲಿದ್ದ ಮರದ ಸಾಮಾನುಗಳನ್ನು ಊರೂರಿನಿಂದ ಹೊತ್ತು ತರಿಸಲು ಕವಿಯ ಭಾವಾವೇಶ ಸಾಲದು, ಅಮಲ್ದಾರರ ಹಟ ಬೇಕು. ವಿದೇಶೀ ಯಾತ್ರಿಕರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದವರೂ ಇವರೇ. ಹೊರಗಿನಿಂದ ಬಂದವನ ಕಣ್ಣಿಗೆ ಏನು ಬೀಳುತ್ತದೆಂಬುದನ್ನು ಅವರು ಚೆನ್ನಾಗಿ ಬಲ್ಲರು.

ಹೊರಗಿನವನ ಕಣ್ಣಿಗೆ ಮೊದಲು ಬೀಳುವುದು ವಸ್ತು. ಕಾಲ ಬೀಳುವುದಿಲ್ಲ. ಈ ಗ್ರಂಥದ ಕೊರತೆ ಅಲ್ಲಿದೆ.

ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಕೂರಿಗೆಯ ಎದುರು ನಿಂತ ಪಟ್ಟಣದ ಹುಡುಗರಿಗೆ ಅದು ಬಿದಿರಿನ ಕೊಳವೆಗಳ ಒಂದು ವಿಚಿತ್ರ ಯಂತ್ರ. ಮಾಗಡಿ ಕಡೆಯ ಹುಡುಗಿಯೊಬ್ಬಳು, “ಕೂರಿಗೆ ಹಿಂದೆ ಸಡ್ಡೆ ಹಿಡಿದು ನಮ್ಮಜ್ಜಿ ಅವರೆ ಬಿಡ್ತಿದ್ರು ಸಾರ್” ಎಂದಳು. ಆ ಒಂದು ಮಾತಿಗೆ ಕೂರಿಗೆ ಗೋಡೆಯಿಂದ ಹೊಲಕ್ಕೆ ಇಳಿಯಿತು. ಭರಣಿ, ಕೃತ್ತಿಕೆಯ ಮಳೆ ಬಿದ್ದರೆ ಎಳ್ಳು. ಆರಿದ್ರೆಯಿಂದ ಪುಷ್ಯದವರೆಗಿನ ಮಳೆಗಳಲ್ಲಿ ರಾಗಿ. ರಾಗಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಕೈಕೊಟ್ಟರೆ ಇನ್ನೊಂದು ಕಾಯಲಿ ಎಂಬ ಬಡವನ ಲೆಕ್ಕವಿದು. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಉಳಿದ ಅವರೆ ಮಾರ್ಗಶಿರದ ಇಬ್ಬನಿ ಕುಡಿದು ಸೊಗಡು ತುಂಬಿಕೊಳ್ಳುತ್ತದೆ. ಬೆಂಗಳೂರಿನ ಗೃಹಿಣಿಯರು ಹಿತಕುವ ಮಾಗಡಿ ಅವರೆ ಅದೇ. ಬೀಸುವ ಕಲ್ಲಿನ ಪದವೂ ಕಣದಿಂದ ರಾಗಿ ಮನೆಗೆ ಬಂದ ಮೇಲೆ ತಾನೇ ಹುಟ್ಟುವುದು? ಕೂರಿಗೆ ಒಂದು ಕೋಣೆಯಲ್ಲಿ, ಕಲ್ಲು ಇನ್ನೊಂದರಲ್ಲಿ, ಹಾಡು ಧ್ವನಿಸುರುಳಿಯಲ್ಲಿ ಎಂದು ಬೇರೆಯಾದಾಗ ಇವುಗಳನ್ನು ಪೋಣಿಸಿದ್ದ ದಾರ, ಅಂದರೆ ವರ್ಷ, ಕೈತಪ್ಪಿಹೋಗುತ್ತದೆ.

ಇನ್ನೊಂದು ಮಾತು. ಕರಾವಳಿಯ ಯಕ್ಷಗಾನದಿಂದ ಉತ್ತರದ ಗೊಂಬೆಗಳವರೆಗೆ ಇಡೀ ನಾಡನ್ನು ಒಳಗೊಳ್ಳುವ ಆಸೆಯಲ್ಲಿ ಲೋಕವು ತಾನು ನಿಂತ ನೆಲವನ್ನು ಮರೆತಂತಿದೆ. ಬೇಲಿಯಾಚೆಯ ಹಳ್ಳಿಗಳಲ್ಲಿ ರೇಷ್ಮೆಹುಳು ನಾಲ್ಕು ಜ್ವರ ದಾಟಿ ಚಂದ್ರಿಕೆ ಏರುತ್ತದೆ. ಹವೆ ಸ್ವಲ್ಪ ಏರುಪೇರಾದರೆ ಮನೆಯವರಿಗೆ ನಿದ್ದೆಯಿಲ್ಲ. ಹಿಪ್ಪುನೇರಳೆಯ ಕಡ್ಡಿಗೂ ಮಳೆಗೂ ರಾಮನಗರದ ಗೂಡಿನ ಮಾರುಕಟ್ಟೆಗೂ ಇರುವ ನಂಟು ಜಾನಪದವಲ್ಲವೇ? ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹತ್ತಿಸುವವನ ಕೈಚಳಕ ಇಂದಿಗೂ ಅನ್ನ ಕೊಡುತ್ತಿದೆ. ಬದುಕಿರುವುದರ ಕಡೆಗೆ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸಂಕೋಚ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾದವು; 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣವಾಯಿತು. ಊರಿನ ಹೆಸರು ಹೋಗಿ ಪಟ್ಟಣದ ಒಂದು ದಿಕ್ಕಿನ ಹೆಸರು ಬಂದಿರುವಾಗ ಈ ನೆಲದ ವರ್ಷವನ್ನು ಬರೆದಿಡುವ ಕೆಲಸ ಯಾರದು?

ಗೌಡರಿಗೆ ಇದರ ಅರಿವೇ ಇರಲಿಲ್ಲವೆನ್ನುವುದು ಅನ್ಯಾಯ. ಲೋಕೋತ್ಸವ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚಿನಲ್ಲಿ ನಡೆಯುತ್ತದೆ. ಸುಗ್ಗಿ ಮುಗಿದು ಕಲಾವಿದನಿಗೆ ಬಿಡುವು ಸಿಗುವ, ಹಳ್ಳಿಯ ಜಾತ್ರೆಗಳ ಕಾಲವೂ ಅದೇ. ಅಲ್ಲಿ ಮಾತ್ರ ವಸ್ತುವೂ ಋತುವೂ ಒಂದನ್ನೊಂದು ಸಂಧಿಸುತ್ತವೆ. ಇದೇ ಕ್ರಮವನ್ನು ಒಂದು ಕೋಣೆಗಾದರೂ ತಂದು, ಅಶ್ವಿನಿಯಿಂದ ಮೊದಲುಮಾಡಿ ಮಳೆನಕ್ಷತ್ರಗಳ ಸರದಿಯಲ್ಲಿ ಉಪಕರಣ, ಬೀಜ, ಹಾಡು, ಅಡುಗೆಗಳನ್ನು ಜೋಡಿಸಿದರೆ ಹೊಸದಾಗಿ ಒಂದೂ ಸಾಮಾನು ತರಬೇಕಾಗಿಲ್ಲ. ಆಯಾ ಕಾಲದಲ್ಲಿ ಆ ಕೆಲಸ ಮಾಡುತ್ತಿದ್ದ ಸುತ್ತಲಿನ ಅಜ್ಜಿಯರನ್ನು ಕರೆದು ಕೇಳುವ ತಾಳ್ಮೆ ಬೇಕು. ಆ ವಯಸ್ಸಿನವರು ಇನ್ನೂ ಕೆಲವರಿದ್ದಾರೆ.

2023ರ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುವುದರಿಂದ ಮೈಸೂರಿಗೆ ಧಾವಿಸುವವರಿಗೆ ಈಗ ಇದು ತಾನಾಗಿ ಕಾಣಸಿಗದು. ಹಳೆಯ ರಸ್ತೆ ಹಿಡಿದು ಹೋಗುವ ವಾಚಕರು ಮಾರ್ಗಶಿರದಲ್ಲಿ ಹೋಗಲಿ; ಮೊದಲು ಯಾವುದಾದರೊಂದು ಅವರೆ ಹೊಲದ ಬದುವಿನ ಮೇಲೆ ಇಬ್ಬನಿ ಆರುವವರೆಗೆ ನಿಂತು, ಆಮೇಲೆ ಒಳಗೆ ಹೋಗಿ ಕೂರಿಗೆಯನ್ನು ನೋಡಲಿ.