ಕುರಿಹಿಂಡಿನ ನಾಯಿಗೆ ಯಾವ ಕಪ್ಪು?

ಶ್ವಾನ ಪ್ರದರ್ಶನದ ರಿಂಗಿನಲ್ಲಿ ಜರ್ಮನ್ ಶೆಫರ್ಡ್ ದಾಪುಗಾಲು ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಅದರ ಮೂಲ ಕಸುಬು ನೆನಪಾಗುತ್ತದೆ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಈ ತಳಿ ಕಟ್ಟಲು ಹೊರಟಾಗ ಆತ ಹುಡುಕಿದ್ದು ಕುರಿ ಕಾಯುವ ನಾಯಿಯನ್ನು. ಬೇಲಿಯಿಲ್ಲದ ಹೊಲಗಳ ನಡುವೆ ಹಿಂಡು ಮೇಯುವಾಗ, ಪಕ್ಕದವನ ಪೈರಿಗೆ ಕುರಿ ಬಾಯಿ ಹಾಕದಂತೆ ದಿನವಿಡೀ ಗಡಿಯುದ್ದಕ್ಕೂ ಓಡಾಡಬೇಕಿತ್ತು. ಆ ಓಟಕ್ಕೇ ನಾವಿಂದು ಕಪ್ಪು ಕೊಡುತ್ತಿರುವುದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಕುರಿ ನಾಯಿಯ ಕಸುಬು ಬೇರೆ. ಕುರಿ ಹೊಡೆಯುವುದು ಕುರಿಗಾಹಿಯ ಸಿಳ್ಳೆ, ಕೂಗು, ಕೋಲು, ನಾಯಿಯದ್ದು ಕಾವಲು. 1873ರಲ್ಲಿ ವೇಲ್ಸಿನ ಬಾಲಾ ಊರಲ್ಲಿ ಶುರುವಾದ ಕುರಿನಾಯಿ ಪಂದ್ಯಗಳಲ್ಲಿ ಗೆಲ್ಲುವ ಕೋಲಿ ಜಾತಿ ಕಣ್ಣೋಟದಲ್ಲೇ ಕುರಿಗಳನ್ನು ಬೆದರಿಸಿ ತಿರುಗಿಸುತ್ತದೆ. ನಮ್ಮದು ಕುರಿಗಳ ನಡುವೆ ತಾನೂ ಒಂದು ಎಂಬಂತೆ ನಡೆಯುತ್ತದೆ, ತೋಳ ಬಂದರೆ ಎದುರು ನಿಲ್ಲುತ್ತದೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು 'ಇದು ಬೀದಿ ನಾಯಿ' ಎಂದುಬಿಡುವ ಪೇಟೆಯ ಶ್ವಾನಪ್ರಿಯರ ಮೇಲೆ ನನಗೆ ಸಿಟ್ಟಿದೆ.

ಜೋಳ ಕಟಾವಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ ರಾತ್ರಿ ಅದನ್ನು ನೋಡಬೇಕು. ಸುತ್ತ ಬಲೆ, ಒಳಗೆ ಒತ್ತಾಗಿ ಮಲಗಿದ ಕುರಿಗಳು. ನಾಯಿ ಬಲೆಯ ಹೊರಗೆ, ಗಾಳಿ ಬೀಸುವ ದಿಕ್ಕಿಗೆ ಮೂತಿ ಇಟ್ಟು ಮಲಗಿರುತ್ತದೆ. ಏನೋ ವಾಸನೆ ಬಡಿದರೆ ಎದ್ದು ನಿಂತು ಗಂಟಲಲ್ಲೇ ಒಂದು ಗುರ್. ಆಚೆ ಬದಿಯ ಇನ್ನೊಂದು ನಾಯಿ ಕಿವಿ ನಿಮಿರಿಸುತ್ತದೆ, ತನ್ನ ಜಾಗ ಮಾತ್ರ ಬಿಡುವುದಿಲ್ಲ. ಒಂದು ತೋಳ ನಾಯಿಗಳನ್ನು ಅತ್ತ ಸೆಳೆದರೆ ಮತ್ತೊಂದು ಇತ್ತಲಿಂದ ಮರಿ ಎತ್ತುತ್ತದೆ ಎಂಬುದು ಕುರಿಗಾಹಿಗಳಿಗೆಲ್ಲ ಗೊತ್ತು. ಗದ್ದಲ ಕೇಳಿ ಓಡಿಹೋಗುವ ನಾಯಿಗಿಂತ ಹೀಗೆ ನಿಂತಲ್ಲೇ ನಿಲ್ಲುವ ನಾಯಿ ದೊಡ್ಡದು.

ಈ ಗುಣ ಮನೆತನದಲ್ಲಿ ಉಳಿದು ಬಂದದ್ದು. ಬೇರೆ ಹಟ್ಟಿಯಿಂದ ಮರಿ ತರುವವರು ಮೊದಲು ತಾಯಿಯನ್ನು ನೋಡುತ್ತಾರೆ: ಹಿಂಡು ಬಿಟ್ಟು ಅಲೆಯುತ್ತದೆಯೇ, ಈದ ಕುರಿಯ ಮಾಸಿಗೆ ಬಾಯಿ ಹಾಕಲು ಹೋಗಿ ಮರಿಯನ್ನೇ ಕಚ್ಚುತ್ತದೆಯೇ? ಹಾಲು ಬಿಟ್ಟ ಕೂಡಲೇ ಮರಿಯನ್ನು ಕುರಿಮರಿಗಳ ಜೊತೆ ಬಿಡುತ್ತಾರೆ. ಹುಟ್ಟಿದ ಮೂರನೇ ವಾರದಿಂದ ಹೆಚ್ಚುಕಡಿಮೆ ಮೂರು ತಿಂಗಳವರೆಗೆ ಯಾರ ಮೈಗೆ ಒರಗಿ ಬೆಳೆಯುತ್ತದೋ ಅವರೇ ನಾಯಿಗೆ ತನ್ನವರು. ವಿಜ್ಞಾನ ಹೇಳುವುದೂ ಇದನ್ನೇ. ಆಟದ ಭರದಲ್ಲಿ ಕುರಿಮರಿಯ ಕಿವಿ ಹಿಡಿದು, ಗದರಿದರೂ ಬಿಡದ ಮರಿಗೆ ಹಿಂಡಿನಲ್ಲಿ ಜಾಗವಿಲ್ಲ. ತಳಿ ಸಂವರ್ಧನೆ ಎಂದರೆ ಇದಲ್ಲದೆ ಇನ್ನೇನು?

ಬೇಟೆಯ ಮುಧೋಳ ನಾಯಿಗೆ ಮನ್ನಣೆ ಸಿಕ್ಕಿತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಅಂದು ಅದರ ಜೊತೆಗೇ ಚೀಟಿಯಾದ ಇನ್ನೊಂದು ನಾಯಿ ಹಿಮಾಲಯದ ಕುರಿನಾಯಿ. ನಮ್ಮ ಕುರಿ ನಾಯಿಗೆ ಒಂದೇ ಬಣ್ಣವಿಲ್ಲ, ಒಂದೇ ಕಿವಿಯಿಲ್ಲ, ಹಾಗಾಗಿ ತಳಿಪಟ್ಟಿಯಲ್ಲಿ ಹೆಸರಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವರು ತಾವೇ ದೇವರ ನಾಯಿಗಳಾಗಿ ಬೊಗಳಿ ದೋಣಿಯಲ್ಲಿ ಉಣ್ಣುತ್ತಾರೆ. ಅಂಥ ಸೀಮೆಯಲ್ಲಿ ಈ ಪ್ರಾಣಿ ಯಾರ ಲೆಕ್ಕಕ್ಕೂ ಬಾರದೆ ಪೇಟೆಯ ಬಿಡಾಡಿ ನಾಯಿಗಳ ಜೊತೆ ಬೆರೆತು ಹೋಗಬಾರದು.

ತುಂಗಭದ್ರೆ ದಂಡೆಯ ಕುರುವತ್ತಿಯಲ್ಲಿ ಜಾತ್ರೆಗೆ ದನಗಳು ಸೇರುತ್ತವೆ. ಅಲ್ಲೇ ಒಂದು ಬೆಳಿಗ್ಗೆ ಕುರಿ ನಾಯಿಗಳಿಗೂ ಮೀಸಲಾಗಲಿ. ರಿಂಗು ಬೇಡ, ಒಂದು ಹಿಂಡು ಬೇಕು. ಗೊತ್ತಿಲ್ಲದ ಮನುಷ್ಯ ಬಲೆಯ ಹತ್ತಿರ ಬಂದಾಗ ನಾಯಿ ಏನು ಮಾಡುತ್ತದೆ, ಈದ ಕುರಿಯ ಪಕ್ಕದಲ್ಲಿ ಹೇಗಿರುತ್ತದೆ, ಯಜಮಾನ ಕಣ್ಮರೆಯಾದರೂ ಹಿಂಡಿನ ಜೊತೆ ಉಳಿಯುತ್ತದೆಯೇ ಎಂದು ನೋಡಲಿ. ತೀರ್ಪಿಗೆ ಇಬ್ಬರು ಹಿರಿಯ ಕುರಿಗಾಹಿಗಳು, ತಾಯಿ-ಮರಿಗಳ ವಿವರ ಬರೆದಿಡಲು ಒಬ್ಬ ಪಶುವೈದ್ಯ ಸಾಕು. ರೇಬಿಸ್ ಲಸಿಕೆ ಹಾಕಿಸದ ನಾಯಿಗೆ ಅಲ್ಲೇ ಹಾಕಿಸಲಿ, ಪುಕ್ಕಟೆ.