ವರ ಕೊಡದ ಗೊಮ್ಮಟ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಏದುಸಿರು ಬಿಡುತ್ತಾ ಒಳಗೆ ಬಂದವರು ಮೊದಲು ಕತ್ತೆತ್ತಿ ಗೊಮ್ಮಟನ ಮುಖ ನೋಡುತ್ತಾರೆ. ನನ್ನನ್ನು ಕೇಳಿದರೆ ಕಾಲಿನಿಂದಲೇ ಶುರು ಮಾಡಬೇಕು. ಕಾಲುಗಳ ಮಗ್ಗುಲಲ್ಲಿ ಹುತ್ತ ಬೆಳೆದಿದೆ, ಹಾವುಗಳು ತಲೆ ಹೊರಚಾಚಿವೆ. ಮಾಧವಿ ಬಳ್ಳಿ ತೊಡೆಯನ್ನು ಸುತ್ತಿಕೊಂಡು ತೋಳಿಗೆ ಹಬ್ಬಿದೆ. ಎಲೆ ಎಲೆಯನ್ನೂ ಕಡೆದ ಶಿಲ್ಪಿ ಅದರಡಿಯ ಮೈಯನ್ನು ನುಣ್ಣಗೆ ಬಿಟ್ಟಿದ್ದಾನೆ. ಹಾಗಾಗಿ ಬಳ್ಳಿ ತಬ್ಬಿದ್ದು ಕಾಣುತ್ತದೆ, ತಬ್ಬಿಸಿಕೊಂಡವನಿಗೆ ಅದು ತಾಗಿದ್ದು ಕಾಣುವುದಿಲ್ಲ. ತೊಡೆಯಿಂದ ಮೇಲಕ್ಕೆ ಬೆನ್ನಿಗೆ ಆಸರೆಯೂ ಇಲ್ಲ.

ಈಗ ಮುಖ ನೋಡಿ. ಅರೆತೆರೆದ ಕಣ್ಣು, ನಗೆಯೋ ಅಲ್ಲವೋ ಎನ್ನುವಂಥ ತುಟಿ. ಎಲ್ಲಿ ನಿಂತರೂ ಆ ನೋಟ ನಿಮ್ಮ ಮೇಲೆ ಬೀಳುವುದಿಲ್ಲ. ಅಭಯಹಸ್ತವಿಲ್ಲ, ವರದಹಸ್ತವಿಲ್ಲ, ಎರಡು ಕೈಗಳೂ ಸುಮ್ಮನೆ ಇಳಿಬಿದ್ದಿವೆ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಮಾಡಿಸಿದ ಬಾಹುಬಲಿಯ ಈ 58 ಅಡಿಯ ಮೂರ್ತಿಯಷ್ಟು ಚೆಲುವಾದ ನಿರೀಶ್ವರವಾದವನ್ನು ನಾನು ಬೇರೆ ಕಂಡಿಲ್ಲ.

ಜೈನರ ಲೋಕಕ್ಕೆ ಆದಿಯಿಲ್ಲ, ಮಾಡಿದವನೂ ಇಲ್ಲ. ಕರ್ಮ ಜೀವಕ್ಕೆ ಅಂಟುತ್ತದೆ, ಕಾಲ ಬಂದಾಗ ತಾನೇ ಫಲ ಕೊಟ್ಟು ಉದುರುತ್ತದೆ. ನಡುವೆ ತೀರ್ಪು ಕೊಡುವವರು ಬೇಡ. ಸೃಷ್ಟಿಗೆ ಮುಂಚೆ ಸೃಷ್ಟಿಕರ್ತ ಎಲ್ಲಿದ್ದ, ಕೊರತೆಯಿಲ್ಲದವನಿಗೆ ಸೃಷ್ಟಿಸುವ ಉಸಾಬರಿ ಯಾಕೆ ಎಂದು 9ನೇ ಶತಮಾನದ ಜಿನಸೇನಾಚಾರ್ಯರು ಬಿಡದೆ ಕೇಳಿದ್ದರು. ಹಾಗೆಂದು ದೇವತೆಗಳಿಗೆ ಬರವಿಲ್ಲ. ತೀರ್ಥಂಕರ ಹುಟ್ಟಿದರೆ ಇಂದ್ರನೇ ಓಡಿಬರುತ್ತಾನೆ. ಆದರೆ ಆಯುಸ್ಸು ಮುಗಿದರೆ ಅವನೂ ಇನ್ನೊಂದು ಹುಟ್ಟಿಗೆ ಹೊರಡಬೇಕು.

ಹಾಗಾದರೆ ಜೈನರು ನಾಸ್ತಿಕರೇ? ವೇದವನ್ನು ಒಪ್ಪದವನು ನಾಸ್ತಿಕ ಎನ್ನುವುದು ಹಳೆಯ ಅಳತೆ. ಅದರಲ್ಲಿ, ಸೃಷ್ಟಿಕರ್ತ ಬೇಡವೆಂದ ಕುಮಾರಿಲ ಭಟ್ಟರಂಥ ಮೀಮಾಂಸಕರು ಆಸ್ತಿಕರಾಗಿ ಪಾಸಾಗುತ್ತಾರೆ. ಆತ್ಮ, ಪುನರ್ಜನ್ಮ, ಮೋಕ್ಷ ಎಲ್ಲವನ್ನೂ ಒಪ್ಪಿದ ಜೈನರು ಹೊರಗುಳಿಯುತ್ತಾರೆ. ನನಗೆ ಈ ಅಳತೆ ಒಗ್ಗುವುದಿಲ್ಲ. ಪೂಜೆ ಇದೆಯೋ ಇಲ್ಲವೋ ಎಂಬುದೂ ಸಾಲದು. ಬೆಳಗೊಳದಲ್ಲಿ ಹಾಲು, ಅರಿಸಿನ, ಚಂದನದ ಮಹಾಮಸ್ತಕಾಭಿಷೇಕವೇ ನಡೆಯುತ್ತದೆ. ನಮ್ಮ ಕರ್ಮದ ಲೆಕ್ಕವನ್ನು ತಿದ್ದಬಲ್ಲವರು ಲೋಕದ ವ್ಯವಸ್ಥೆಯ ತುದಿಯಲ್ಲಿ ಯಾರಾದರೂ ಕೂತಿದ್ದಾರೆಯೇ? ಕೇಳಬೇಕಾದ್ದು ಅಷ್ಟೇ. ಬಾಹುಬಲಿ ಅಲ್ಲಿ ಕೂತವನಲ್ಲ. ಅಣ್ಣ ಭರತನನ್ನು ಗೆದ್ದು, ಗೆದ್ದದ್ದನ್ನೇ ಬಿಟ್ಟು ಹೊರಟವನು. ಅವನನ್ನು ಪೂಜಿಸುವುದು ಏನನ್ನೋ ಪಡೆಯಲಿಕ್ಕಲ್ಲ, ಅವನ ಹಾಗೆ ಆಗಲಿಕ್ಕೆ.

ಮನುಷ್ಯರಿಗೆ ಬೇಡದೆ ಇರಲು ಆಗುತ್ತದೆಯೇ! ಅದಕ್ಕೆ ಯಕ್ಷಿಯರೆಂಬ ದೇವತೆಗಳಿದ್ದಾರೆ, ಹರಕೆ ಹೊತ್ತವರು ಹೊಂಬುಜದ ಪದ್ಮಾವತಿಯ ಬಳಿ ಹೋಗುತ್ತಾರೆ. ಬೆಳಗೊಳದಲ್ಲೇ ಗುಳ್ಳಕಾಯಜ್ಜಿಯ ಕಥೆಯಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಮೂರ್ತಿ ಪೂರ್ತಿ ನೆನೆಯಲಿಲ್ಲ, ಅಜ್ಜಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಪಾದದವರೆಗೂ ಹರಿಯಿತು. ಮಂತ್ರಿಯ ಗರ್ವ ಇಳಿಸಲು ಬಂದ ಆ ಅಜ್ಜಿ ಕೂಷ್ಮಾಂಡಿನಿ ಯಕ್ಷಿಯೇ ಎನ್ನುತ್ತಾರೆ. ಕಥೆ ಕಟ್ಟಿದವರು ಬಲು ಎಚ್ಚರದವರು: ಪವಾಡವನ್ನೆಲ್ಲ ಯಕ್ಷಿಯ ಕೈಲಿ ಮಾಡಿಸಿದ್ದಾರೆ, ಬಾಹುಬಲಿಗೆ ಮುನಿಸನ್ನೂ ಕೊಟ್ಟಿಲ್ಲ, ಮೆಚ್ಚುಗೆಯನ್ನೂ ಕೊಟ್ಟಿಲ್ಲ.